ಫೇರೋನ ಮುಖ ಯಾರದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಾಚೀನ ಈಜಿಪ್ಟಿನ ಅರಸರ ಪ್ರತಿಮೆಗಳ ಬಗ್ಗೆ ಬಂದ ಪತ್ರಗಳಿಂದ ಎಂಟು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿದ್ದೇವೆ. ಒಂದೇ ವಿಷಯ ಕೇಳಿದವರ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಫೇರೋಗಳ ಪ್ರತಿಮೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಕಾಣುತ್ತವೆ. ಅವು ನಿಜಕ್ಕೂ ಆಯಾ ಅರಸನ ಮುಖವೇ? (ಇತಿಹಾಸ ವಿದ್ಯಾರ್ಥಿನಿ, ಮೈಸೂರು)

ಅರಸನ ಗುರುತು ಇದ್ದದ್ದು ಮುಖದಲ್ಲಲ್ಲ, ಹೆಸರಿನಲ್ಲಿ. ಪ್ರತಿಮೆ ಎಂದರೆ ಈಜಿಪ್ಟಿನವರಿಗೆ ಅರಸನ ಇನ್ನೊಂದು ದೇಹ. ಸತ್ತ ಮೇಲೂ ನೈವೇದ್ಯ ಸ್ವೀಕರಿಸಲು, ದೇವಾಲಯದಲ್ಲಿ ದೇವರೆದುರು ನಿಲ್ಲಲು ಆ ದೇಹ ಬೇಕು. ಅದು ಯಾರ ದೇಹ ಎಂದು ಹೇಳುತ್ತಿದ್ದದ್ದು ಪೀಠದ ಮೇಲೋ ಸೊಂಟಪಟ್ಟಿಯ ಮೇಲೋ ಕೊರೆದ ಹೆಸರು. ಗೀಜಾದ ಮಹಾ ಪಿರಮಿಡ್ ಕಟ್ಟಿಸಿದ ಖೂಫುವನ್ನೇ ನೋಡಿ. ಅವನದೆಂದು ಖಚಿತವಾಗಿ ಹೇಳಬಹುದಾದ ಇಡೀ ಪ್ರತಿಮೆ ಒಂದೇ ಒಂದು. ಅದು ದಂತದ್ದು, ಎತ್ತರ 7.5 ಸೆಂ.ಮೀ. 1903ರಲ್ಲಿ ಅಬೈಡಾಸ್‌ನಲ್ಲಿ ಸಿಕ್ಕಾಗ ಅದಕ್ಕೆ ತಲೆಯೇ ಇರಲಿಲ್ಲ. ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಮೂರು ವಾರ ಮಣ್ಣು ಜರಡಿ ಹಿಡಿಸಿ ತಲೆಯನ್ನು ಹುಡುಕಿಸಿದರು. ಅದು ಖೂಫು ಎಂದು ಗೊತ್ತಾದದ್ದು ಮುಖದಿಂದಲ್ಲ, ಸಿಂಹಾಸನದ ಮೇಲಿನ ಹೆಸರಿನಿಂದ.

ಹಾಗೆಂದು ಮುಖಗಳೆಲ್ಲ ಒಂದೇ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಕೈರೋದ ಈಜಿಪ್ಷಿಯನ್ ಮ್ಯೂಸಿಯಂನಲ್ಲಿ ಕುಳಿತಿರುವ ಖಾಫ್ರೆ (ಕ್ರಿ.ಪೂ. ಸುಮಾರು 2550) 168 ಸೆಂ.ಮೀ. ಎತ್ತರ. ಮುಖದಲ್ಲಿ ಒಂದು ಸುಕ್ಕಿಲ್ಲ, ದೃಷ್ಟಿ ನೇರ ದೂರಕ್ಕೆ. ಹೋರಸ್ ದೇವರು ಗಿಡುಗನಾಗಿ ತಲೆಯ ಹಿಂದೆ ಕೂತು ಎರಡೂ ರೆಕ್ಕೆಗಳಿಂದ ಅವನನ್ನು ತಬ್ಬಿಕೊಂಡಿದ್ದಾನೆ. ಎದುರಿನಿಂದ ನೋಡಿದರೆ ಹಕ್ಕಿ ಕಾಣುವುದೇ ಇಲ್ಲ. ಪಕ್ಕಕ್ಕೆ ಸರಿದಾಗಲೇ ಪ್ರತ್ಯಕ್ಷ. ಇನ್ನೊಬ್ಬ ಮೂರನೇ ಸೆನುಸ್ರೆತ್, ಸುಮಾರು 700 ವರ್ಷ ಆಚೆಯವನು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ದೇರ್ ಎಲ್-ಬಹ್ರಿಯಿಂದ ಬಂದ ಅವನ ಗ್ರಾನೈಟ್ ಪ್ರತಿಮೆಗಳಲ್ಲಿ ರೆಪ್ಪೆ ಜೋತುಬಿದ್ದಿದೆ, ಕಣ್ಣಿನ ಕೆಳಗೆ ಚೀಲ, ಬಾಯಿಯ ಇಕ್ಕೆಲದಲ್ಲಿ ಆಳವಾದ ಗೆರೆ, ಕಿವಿ ದೊಡ್ಡವು. ಆದರೆ ಕತ್ತಿನಿಂದ ಕೆಳಗೆ ಗಟ್ಟಿಮುಟ್ಟಾದ ಇಪ್ಪತ್ತರ ಯುವಕ! ಮುದುಕನ ಮುಖ, ಹುಡುಗನ ಮೈ ಒಟ್ಟಿಗೆ ಇರುವುದೇ ಇದು ಇದ್ದದ್ದು ಇದ್ದ ಹಾಗೆ ತೆಗೆದ ಚಿತ್ರವಲ್ಲ ಎನ್ನುವುದಕ್ಕೆ ಸಾಕ್ಷಿ. ಅರಸೊತ್ತಿಗೆ ತನ್ನ ಬಗ್ಗೆ ಏನು ಹೇಳಿಕೊಳ್ಳಬೇಕೆಂದು ತೀರ್ಮಾನಿಸಿತ್ತೋ ಅದು ಆ ಮುಖ. ಆದರೂ ಅದು ಎಷ್ಟು ಖಚಿತವಾಗಿತ್ತೆಂದರೆ, ಹೆಸರಿಲ್ಲದ ಮುರಿದ ತಲೆ ಸಿಕ್ಕರೂ ತಜ್ಞರು ಸೆನುಸ್ರೆತ್‌ನನ್ನು ಗುರುತಿಸಬಲ್ಲರು.

ಪ್ರಶ್ನೆ: ನಾವು ಕಪ್ಪು ಕಲ್ಲಿನಲ್ಲಿ ಕೆಲಸ ಮಾಡುವವರು. ಉಕ್ಕಿನ ಉಳಿಯೇ ದಿನಕ್ಕೆ ನಾಲ್ಕಾರು ಸಲ ಮೊಂಡಾಗುತ್ತದೆ. ಈಜಿಪ್ಟಿನವರ ಹತ್ತಿರ ಕಬ್ಬಿಣವೇ ಇರಲಿಲ್ಲವಂತೆ. ಹಾಗಾದರೆ ಗ್ರಾನೈಟ್ ಮೂರ್ತಿ ಮಾಡಿದ್ದು ಹೇಗೆ? (ಶಿಲ್ಪಿ, ಕಾರ್ಕಳ)

ಕತ್ತರಿಸಲಿಲ್ಲ, ಜಜ್ಜಿದರು, ಉಜ್ಜಿದರು. ಇದೇ ಗುಟ್ಟು. ಸುಣ್ಣಕಲ್ಲು, ಮರಳುಗಲ್ಲಿಗೆ ತಾಮ್ರದ ಉಳಿ, ಮರದ ಕೊಡತಿ ಸಾಕಾಗುತ್ತಿತ್ತು. ಗ್ರಾನೈಟ್, ನೈಸ್, ಕ್ವಾರ್ಟ್ಜೈಟ್‌ನಂಥ ಗಟ್ಟಿ ಕಲ್ಲಿಗೆ ತಾಮ್ರದ ಉಳಿ ಇಟ್ಟರೆ ಉಳಿಯ ಬಾಯಿಯೇ ಮಡಚಿಕೊಳ್ಳುತ್ತದೆ. ಅಲ್ಲಿ ಕಲ್ಲಿಗೆ ಕಲ್ಲೇ ಆಯುಧ. ಅಸ್ವಾನಿನ ಗಣಿಯಲ್ಲಿ ಡಾಲರೈಟ್ ಎಂಬ ಗಟ್ಟಿ ಕರಿಕಲ್ಲಿನ ಗುಂಡುಗಳು ರಾಶಿಗಟ್ಟಲೆ ಸಿಕ್ಕಿವೆ. ಸುಮಾರು 5 ಕೆ.ಜಿ. ತೂಕದ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ಬಿಡುವುದು. ಪ್ರತಿ ಪೆಟ್ಟಿಗೂ ಕಲ್ಲು ಪುಡಿಯಾಗಿ ಉದುರುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ.

ಕೆಲಸದ ಕ್ರಮ ನಮಗೆ ಗೊತ್ತಾಗಿರುವುದು ಅರ್ಧಕ್ಕೆ ನಿಂತ ಮೂರ್ತಿಗಳಿಂದ. ಗೀಜಾದ ಮೂರನೇ ಪಿರಮಿಡ್ಡಿನ ಒಡೆಯ ಮೆನ್ಕೌರೆಯ ಕಣಿವೆ ದೇವಾಲಯವನ್ನು ಜಾರ್ಜ್ ರೈಸ್ನರ್ 1908ರಿಂದ 1910ರ ನಡುವೆ ಅಗೆದಾಗ, ಮೊಳಕ್ಕಿಂತ ಚಿಕ್ಕದಾದ ಕೂತ ಅರಸನ ಮೂರ್ತಿಗಳು ಬೇರೆಬೇರೆ ಹಂತದಲ್ಲಿ ಸಿಕ್ಕವು. ಅವನ್ನು ಸಾಲಾಗಿ ಇಟ್ಟು ರೈಸ್ನರ್ ಎಂಟು ಹಂತ ಗುರುತಿಸಿದರು. ಮೊದಲು ಚೌಕ ದಿಮ್ಮಿ. ಅದರ ಮುಖಗಳ ಮೇಲೆ ಕೆಮ್ಮಣ್ಣಿನ ಗೆರೆಯಿಂದ ಆಕಾರ. ಗೆರೆಯ ಆಚೆಗಿನದ್ದನ್ನು ಜಜ್ಜಿ ತೆಗೆದಾಗ ಗೆರೆಯೂ ಹೋಗುತ್ತದೆ. ಮತ್ತೆ ಹೊಸ ಮೇಲ್ಮೈ ಮೇಲೆ ಕೆಂಪು ಗೆರೆ, ಮತ್ತೆ ಜಜ್ಜುವುದು. ತಲೆ, ಭುಜ, ಮಡಿಲು, ಕಾಲು ಎಲ್ಲ ಒಟ್ಟೊಟ್ಟಿಗೆ ಒಳಕ್ಕೆ ಸರಿಯುತ್ತಾ ಬರುತ್ತವೆ. ಮುಖ ಮುಗಿಸಿ ಆಮೇಲೆ ಕೈ ಎಂಬ ಪದ್ಧತಿ ಇಲ್ಲ. ಕೊನೆಯ ಹಂತಗಳಲ್ಲಿ ಗುಂಡುಕಲ್ಲು ಬದಿಗಿಟ್ಟು ಬೆಣಚು ಮರಳು, ಉಜ್ಜುಗಲ್ಲು.

ಗುಂಡು ಹೋಗದ ಇಕ್ಕಟ್ಟಿನಲ್ಲಿ ತಾಮ್ರದ ಟೊಳ್ಳು ಕೊಳವೆ ಬಳಸುತ್ತಿದ್ದರು. ಬಿಲ್ಲಿನ ದಾರ ಸುತ್ತಿ ತಿರುಗಿಸುವಾಗ ಕೊಳವೆಯ ಬಾಯಿಗೆ ಬೆಣಚು ಮರಳು ಹಾಕುತ್ತಾ ಇರಬೇಕು. ಕೊರೆಯುವುದು ಮರಳು, ತಾಮ್ರ ಬರೀ ಮರಳನ್ನು ಹಿಡಿದು ತಿರುಗಿಸುತ್ತದೆ. ಕೊಳವೆಯೂ ಸವೆದು ಮೋಟಾಗುತ್ತಾ ಹೋಗುತ್ತದೆ. ತಾಮ್ರ ಸರ್ಕಾರದ ಸ್ವತ್ತು: ಅರಸರ ಸಮಾಧಿ ಕೊರೆಯುತ್ತಿದ್ದ ದೇರ್ ಎಲ್-ಮದೀನಾದ ಕೆಲಸಗಾರರಿಗೆ ಉಳಿ ಕೊಡುವಾಗಲೂ ವಾಪಸು ಪಡೆಯುವಾಗಲೂ ತೂಕ ಹಾಕುತ್ತಿದ್ದ ದಾಖಲೆಗಳು ಉಳಿದಿವೆ.

ಎಲ್ಲಿ ಕೆಡುತ್ತದೆ ಎನ್ನುವುದು ನಿಮಗೆ ಹೇಳಿಕೊಡಬೇಕಾದ್ದೇನಲ್ಲ. ಪೆಟ್ಟಿಗೆ ನಲುಗಿದ ಕಲ್ಲು ಒಳಗೂ ಒಂದಿಷ್ಟು ಆಳದವರೆಗೆ ಬೆಳ್ಳಗಾಗುತ್ತದೆ. ಅಂತಿಮ ಅಳತೆಗೇ ಜಜ್ಜಿಬಿಟ್ಟರೆ ಆ ಬಿಳಿ ಕಲೆ ಮುಖದ ಮೇಲೆ ಉಳಿಯುತ್ತದೆ, ಹೊಳಪು ಏರುವುದಿಲ್ಲ. ಅದಕ್ಕೆ ಮೇಲೆ ಒಂದಷ್ಟು ಬಿಟ್ಟುಕೊಂಡು ಉಜ್ಜಿಯೇ ಇಳಿಸಬೇಕು. ಎರಡನೆಯದು, ತೆಳುವಾದ ಭಾಗ ಪೆಟ್ಟು ತಡೆಯುವುದಿಲ್ಲ. ಫೇರೋನ ತೋಳು ಮೈಗೆ ಅಂಟಿಕೊಂಡಿರುವುದು, ಎರಡು ಕಾಲಿನ ನಡುವೆ ಕಲ್ಲು ಹಾಗೇ ಉಳಿದಿರುವುದು, ಬೆನ್ನಿಗೆ ಒಂದು ಕಂಬ ಇರುವುದು, ಮುಷ್ಟಿಯೊಳಗೆ ಕೋಲಿನ ಬದಲು ಗಿಡ್ಡ ತುಂಡು ಇರುವುದು ಇವೆಲ್ಲ ಬಹುಮಟ್ಟಿಗೆ ಈ ಕಾರಣಕ್ಕೆ. ಮರದ ಪ್ರತಿಮೆಗಳಲ್ಲಿ ಅವರೇ ಕೈಯನ್ನು ಧಾರಾಳವಾಗಿ ಬಿಡಿಸಿ, ಬೇರೆ ತುಂಡಿನಲ್ಲಿ ಮಾಡಿ ಜೋಡಿಸಿದ್ದಾರೆ. ಬಾರದೆ ಬಿಟ್ಟದ್ದಲ್ಲ.

ಕಲ್ಲಿನ ಕಣವೂ ಮುಖವನ್ನು ತೀರ್ಮಾನಿಸುತ್ತದೆ. ಅಸ್ವಾನಿನ ಕೆಂಪು ಗ್ರಾನೈಟ್‌ನಲ್ಲಿ ಹರಳು ದಪ್ಪ. ರೆಪ್ಪೆಯ ಅಂಚು ತೀಡಲು ಹೋದರೆ ಹರಳು ಕಿತ್ತು ಬರುತ್ತದೆ. ಹಾಗಾಗಿ ಅದರಲ್ಲಿ ಮಾಡಿದ ಬೃಹತ್ ಮೂರ್ತಿಗಳ ಕಣ್ಣು, ತುಟಿ ಅಗಲ ಅಗಲ. ವಾದಿ ಹಮ್ಮಾಮಾತ್‌ನ ಗ್ರೇವ್ಯಾಕೆ ನುಣುಪು ಕಣದ ಕಲ್ಲು. ಲಕ್ಸರ್ ಮ್ಯೂಸಿಯಂನ ಮೂರನೇ ಥುತ್‌ಮೋಸನ ಕೆನ್ನೆಯ ತಿರುವು ಅಷ್ಟು ನಯವಾಗಿ ಬಂದಿರುವುದು ಅದರಿಂದಲೇ. ಕ್ವಾರ್ಟ್ಜೈಟ್ ಎಲ್ಲಕ್ಕಿಂತ ಹಠಮಾರಿ. ಅದೇ ಬೆಣಚು, ಉಜ್ಜುವ ಮರಳೂ ಬೆಣಚು. ಎರಡೂ ಸಮಸಮ ಸವೆಯುತ್ತವೆ.

ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿ ಮೆನ್ಕೌರೆ ಮತ್ತು ರಾಣಿ ಜೊತೆಯಾಗಿ ನಿಂತ 142 ಸೆಂ.ಮೀ. ಎತ್ತರದ ಗ್ರೇವ್ಯಾಕೆ ಮೂರ್ತಿ ಇದೆ. ಎರಡು ಮುಖ, ಎದೆ ಕನ್ನಡಿಯ ಹಾಗೆ ನಯ. ಕೆಳಗೆ ಕಾಲು, ಪೀಠ ಒರಟಾಗಿಯೇ ಉಳಿದಿವೆ. ಪೀಠದ ಮೇಲೆ ಹೆಸರಿಲ್ಲ. ಹೊಳಪು ತಲೆಯಿಂದ ಕೆಳಕ್ಕೆ ಇಳಿಯುತ್ತಾ ಬರುವಾಗ ಕೆಲಸ ನಿಂತುಹೋಗಿದೆ. ನೀವು ಎಂದಾದರೂ ಅದರ ದೊಡ್ಡ ಫೋಟೊ ನೋಡಿದರೆ ಮೊಣಕಾಲಿನ ಕೆಳಗೆ ಕಣ್ಣು ನಿಲ್ಲಿಸಿ. ಅಲ್ಲಿ ಇನ್ನೂ ಕೆಲಸಗಾರರ ಕೈ ಇದೆ. ಅಂದ ಹಾಗೆ, ಈ ಕಡುಬಣ್ಣದ ಕಲ್ಲಿಗೂ ಬಣ್ಣ ಬಳಿದಿದ್ದರು: ಅರಸನ ಕಿವಿ, ಮುಖ, ಕತ್ತಿನಲ್ಲಿ ಕೆಂಪಿನ ಕುರುಹು, ರಾಣಿಯ ತಲೆಯಲ್ಲಿ ಕಪ್ಪಿನ ಕುರುಹು ಈಗಲೂ ಇದೆ.

ಪ್ರಶ್ನೆ: ಈಜಿಪ್ಟಿನವರು ಚೌಕ ಹಾಕಿ ಚಿತ್ರ ಬರೆಯುತ್ತಿದ್ದರಂತೆ. ಆ ಅಳತೆಯನ್ನು ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಮಾಡಿಸಬಹುದಾದ ಹಾಗೆ ತಿಳಿಸುವಿರಾ? (ಚಿತ್ರಕಲಾ ಶಿಕ್ಷಕಿ, ಗದಗ)

ಖಂಡಿತ. ಗೋಡೆಯ ಮೇಲೂ ಮೂರ್ತಿಯ ದಿಮ್ಮಿಯ ಮೇಲೂ ಹಾಕುತ್ತಿದ್ದದ್ದು ಒಂದೇ ಬಗೆಯ ಚೌಕಮಣೆ. ಮೂರನೇ ಸೆನುಸ್ರೆತ್ ಸೇರಿದ್ದ ಹನ್ನೆರಡನೇ ರಾಜವಂಶದ ಹೊತ್ತಿಗೆ ಅದು ಸ್ಥಿರವಾಗಿತ್ತು. ನಿಂತ ಆಕೃತಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ, ಕೂತ ಆಕೃತಿಗೆ 14. ಲೆಕ್ಕ ನಿಲ್ಲುವುದು ನೆತ್ತಿಗಲ್ಲ, ಕೂದಲಂಚಿಗೆ. ಏಕೆಂದರೆ ಮೇಲೆ ಕಿರೀಟ ಬರುತ್ತದೆ, ಕಿರೀಟದ ಎತ್ತರ ಒಂದೊಂದಕ್ಕೂ ಬೇರೆ. ಮಕ್ಕಳು ತಪ್ಪುವುದೇ ಇಲ್ಲಿ. ಕಿರೀಟದ ತುದಿಯಿಂದ ಎಣಿಸಿಬಿಟ್ಟರೆ ಆಕೃತಿ ಕುಳ್ಳಾಗುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಹಲಗೆಯ ಮೇಲೆ ಉಬ್ಬುಶಿಲ್ಪ ಮಾಡಿಸಿ. 30 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪದ ಹಲಗೆಗೆ ಸುಮಾರು 3 ಕೆ.ಜಿ. ಪುಡಿ, 2 ಲೀಟರ್ ನೀರು ಬೇಕು. ನೀರಿಗೆ ಪುಡಿ ಉದುರಿಸಿ. ಪುಡಿಗೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ. ಜೋರಾಗಿ ಕಲಸಿದರೆ ಗುಳ್ಳೆ ಸೇರಿ, ಆಮೇಲೆ ಕೆತ್ತುವಾಗ ಸರಿಯಾಗಿ ಮೂಗಿನ ಜಾಗದಲ್ಲೇ ತೂತು ಬಾಯಿ ಬಿಡುತ್ತದೆ. ಗಟ್ಟಿಯಾದ ಮೇಲೆ ಪೂರ್ತಿ ಒಣಗಲು ಬಿಡದೆ ತೇವ ಇರುವಾಗಲೇ ಕೆತ್ತಿಸಿ. ಒಣಗಿದ್ದು ಪುಡಿಯಾಗಿ ಮಕ್ಕಳ ಮೂಗಿಗೆ ಏರುತ್ತದೆ.

ಕೆಳಗೆ 2 ಸೆಂ.ಮೀ. ಬಿಟ್ಟು ನೆಲದ ಗೆರೆ. ಅಲ್ಲಿಂದ 2 ಸೆಂ.ಮೀ. ಚೌಕಗಳು. ಈಜಿಪ್ಟಿನವರು ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಮೀಟುತ್ತಿದ್ದರು, ನಮ್ಮ ಬಡಗಿಗಳು ಗೆರೆ ಹೊಡೆಯುವ ಹಾಗೆಯೇ. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ. ಈಗ ನೆಲದಿಂದ ಎಣಿಸಿ: 6ನೇ ಗೆರೆಗೆ ಮೊಣಕಾಲು, 9ಕ್ಕೆ ಪೃಷ್ಠದ ಕೆಳ ಅಂಚು, 11ಕ್ಕೆ ಸೊಂಟದ ಹಿಂಬದಿಯ ತಗ್ಗು, 12ಕ್ಕೆ ಮೊಣಕೈ, 14ಕ್ಕೆ ಮೊಲೆತೊಟ್ಟು, 16ಕ್ಕೆ ಕತ್ತು ಭುಜ ಸೇರುವ ಜಾಗ, 17ಕ್ಕೆ ಮೂಗಿನ ಬುಡ, 18ಕ್ಕೆ ಕೂದಲಂಚು. ಭುಜದ ಅಗಲ ಗಂಡಸಿಗೆ 6 ಚೌಕ, ಪಾದದ ಉದ್ದ 3ರಿಂದ 3½. ಮೇಲೆ ಮೂರೂವರೆ ಚೌಕದಷ್ಟು ಜಾಗ ಉಳಿಯುತ್ತದೆ. ಎತ್ತರದ ಬಿಳಿ ಕಿರೀಟ ಅದರಲ್ಲಿ ಹಿಡಿಯುವುದಿಲ್ಲ. ಪಟ್ಟೆಪಟ್ಟೆಯ ಶಿರವಸ್ತ್ರ ನೇಮೆಸ್, ಹಣೆಯ ಮೇಲೆ ಹೆಡೆಯೆತ್ತಿದ ನಾಗರ ಸಾಕು.

ಮುಖ, ಕೈಕಾಲು ಪಕ್ಕದಿಂದ ಕಂಡಂತೆ. ಕಣ್ಣು, ಭುಜ ಎದುರಿನಿಂದ ಕಂಡಂತೆ. ಕೆತ್ತುವಾಗ ಹಿನ್ನೆಲೆಯನ್ನೆಲ್ಲ ತೆಗೆಯುವ ಶ್ರಮ ಬೇಡ. ಆಕೃತಿಯ ಸುತ್ತಲಿನ ಗೆರೆಯನ್ನು 5 ಮಿ.ಮೀ. ಆಳಕ್ಕೆ ನೇರವಾಗಿ ಇಳಿಸಿ, ಒಳಭಾಗವನ್ನು ದುಂಡಗೆ ಮಾಡಿ. ಬಿಸಿಲು ಬೀಳುವ ಹೊರಗೋಡೆಗಳಿಗೆ ಈಜಿಪ್ಟಿನವರು ಬಳಸಿದ್ದು ಈ ತಗ್ಗು ಉಬ್ಬುಶಿಲ್ಪವನ್ನೇ.

ಚುರುಕಾದ ಮಕ್ಕಳಿಗೆ ಇನ್ನೊಂದು ಪ್ರಯೋಗ ಕೊಡಿ. ಅಖೆನಾತೆನ್ ಕಾಲದಲ್ಲಿ 18 ಚೌಕ 20 ಆಯಿತು. ಆದರೆ ಮೊಣಕಾಲಿನ ಕೆಳಗೆ 6 ಚೌಕವೇ ಉಳಿಯಿತು. ಹೆಚ್ಚಿನ ಎರಡೂ ಮೇಲೆ ಸೇರಿದವು. ಅದೇ ಎತ್ತರವನ್ನು 20 ಭಾಗ ಮಾಡಿ ಬರೆಸಿ ನೋಡಿ. ಕತ್ತು, ಮುಂಡ ಉದ್ದವಾಗಿ ಕಾಲು ಮೊಟಕಾದ, ಆ ಅರಸನ ವಿಚಿತ್ರ ಮೈಕಟ್ಟು ತಾನಾಗಿ ಕಾಗದದ ಮೇಲೆ ಇಳಿಯುತ್ತದೆ. ಅವನಿಗೆ ಯಾವ ಕಾಯಿಲೆ ಇತ್ತು ಎಂದು ಚರ್ಚಿಸುವವರಿಗೆ ನಾವು ಮೊದಲು ಈ ಚೌಕ ಎಣಿಸಿ ಎನ್ನುತ್ತೇವೆ.

ಪ್ರಶ್ನೆ: ನೆಫರ್ತೀತಿಯ ಎಡಗಣ್ಣು ಏಕಿಲ್ಲ? ಯಾರಾದರೂ ಕಿತ್ತರೇ? (ಶಿವಮೊಗ್ಗ, ಕಲಬುರಗಿ, ದುಬೈಯಿಂದ ಬಂದ ಪತ್ರಗಳು)

ಕೂರಿಸಿದ ಗುರುತೇ ಇಲ್ಲ. ಬರ್ಲಿನ್ನಿನ ನೋಯೆಸ್ ಮ್ಯೂಸಿಯಂನಲ್ಲಿರುವ, ಅಖೆನಾತೆನ್‌ನ ರಾಣಿಯ ಈ ಎದೆಮಟ್ಟದ ಪ್ರತಿಮೆಯನ್ನು ಲುಡ್ವಿಗ್ ಬೋರ್ಖಾರ್ಟ್ ತಂಡ 1912ರ ಡಿಸೆಂಬರ್ 6ರಂದು ಅಮರ್ನಾದಲ್ಲಿ ಥುತ್‌ಮೋಸ್ ಎಂಬ ಶಿಲ್ಪಿಯ ಮನೆಯಲ್ಲಿ ಹೊರತೆಗೆಯಿತು. ಬಲಗಣ್ಣು ಸ್ಫಟಿಕ. ಅದರ ಹಿಂಬದಿಗೆ ಕಪ್ಪು ಬಣ್ಣದ ಪಾಪೆ, ಜೇನುಮೇಣದಲ್ಲಿ ಅಂಟಿಸಿದ್ದು. ಎಡಗುಳಿಯಲ್ಲಿ ಬರೀ ಸುಣ್ಣಕಲ್ಲು. ಮೇಣದ ಅಂಟು ಕಂಡಿಲ್ಲ. ಇದು ಪೂಜೆಗೋ ಸಮಾಧಿಗೋ ಮಾಡಿದ್ದಲ್ಲ, ಕಾರ್ಯಾಗಾರದಲ್ಲಿ ಎದುರಿಗಿಟ್ಟುಕೊಂಡು ಬೇರೆ ಮೂರ್ತಿ ಮಾಡಲು ಇದ್ದ ಮಾದರಿ ಎನ್ನುವ ವಿವರಣೆಯೇ ನಮಗೆ ಹೆಚ್ಚು ಸರಿ ಕಾಣುತ್ತದೆ. ಮಾದರಿಯಲ್ಲಿ ಒಂದು ಕಣ್ಣು ಕೂರಿಸಿ ತೋರಿಸಿದರೆ, ಇನ್ನೊಂದು ಖಾಲಿ ಗುಳಿಯಿಂದ ಎಷ್ಟು ಆಳ ಕೊರೆಯಬೇಕೆಂದು ತಿಳಿಯುತ್ತದೆ.

ಇದು ಇಡಿಯಾಗಿ ಕಲ್ಲೂ ಅಲ್ಲ. ಸುಮಾರು 50 ಸೆಂ.ಮೀ. ಎತ್ತರ, 20 ಕೆ.ಜಿ. ತೂಕದ ಸುಣ್ಣಕಲ್ಲಿನ ತಿರುಳಿಗೆ ಮೇಲೆ ಜಿಪ್ಸಂ ಗಾರೆ. 2006ರಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಮುಖದ ಮೇಲಿನ ಗಾರೆ 1ರಿಂದ 2 ಮಿ.ಮೀ. ಮಾತ್ರ ಎಂದು ತಿಳಿಯಿತು. ಒಳಗಿನ ಕಲ್ಲಿನ ಮುಖದಲ್ಲಿ ಬಾಯಿಯ ಪಕ್ಕ ಗೆರೆಗಳಿವೆ, ಮೂಗಿನ ಮೇಲೆ ಸಣ್ಣ ಉಬ್ಬು ಇದೆ. ಗಾರೆ ಹಚ್ಚುವಾಗ ಅವನ್ನು ತಿದ್ದಿ ನಯ ಮಾಡಿದ್ದಾರೆ. ಅಳತೆಯಲ್ಲೂ ಶಿಸ್ತು: ಈಜಿಪ್ಟಿನ ಅರಸುಮೊಳ ಸುಮಾರು 52.5 ಸೆಂ.ಮೀ., ಅದರಲ್ಲಿ 28 ಬೆರಳು, ಒಂದು ಬೆರಳಿಗೆ 1.875 ಸೆಂ.ಮೀ. ಮುಖದ ಮುಖ್ಯ ಬಿಂದುಗಳು ಈ ಬೆರಳಳತೆಯ ಚೌಕಗಳಿಗೆ ಹೊಂದುತ್ತವೆ ಎಂದು ತೋರಿಸಿದ ಅಧ್ಯಯನವಿದೆ. ಇನ್ನು, ಪ್ರತಿಮೆಯ ಮೇಲೆ ಹೆಸರು ಎಲ್ಲೂ ಇಲ್ಲ. ಮೇಲೆ ಚಪ್ಪಟೆಯಾದ ಆ ನೀಲಿ ಕಿರೀಟ ನೆಫರ್ತೀತಿಯದು ಎಂದು ಬೇರೆ ಚಿತ್ರಗಳಿಂದ ಗೊತ್ತಿರುವುದರಿಂದ ಗುರುತು ಸಿಕ್ಕಿದೆ.

ಪ್ರಶ್ನೆ: ಇಷ್ಟು ಮೂರ್ತಿಗಳ ಮೂಗು ಏಕೆ ಮುರಿದಿದೆ? ಸ್ಫಿಂಕ್ಸ್‌ನ ಮೂಗನ್ನು ನೆಪೋಲಿಯನ್ ಸೈನಿಕರು ಹಾರಿಸಿದರಂತೆ, ನಿಜವೇ? (ನಿವೃತ್ತ ಅಂಚೆ ನೌಕರರು, ಹಾಸನ)

ನೆಪೋಲಿಯನ್ ಈಜಿಪ್ಟಿಗೆ ಬಂದದ್ದು 1798ರಲ್ಲಿ. 1737ರಲ್ಲಿ ಫ್ರೆಡೆರಿಕ್ ನಾರ್ಡೆನ್ ಬರೆದ ಚಿತ್ರದಲ್ಲೇ ಸ್ಫಿಂಕ್ಸ್‌ಗೆ ಮೂಗಿಲ್ಲ. ಹಾಗಾಗಿ ಆ ಕತೆ ಬಿಟ್ಟುಬಿಡಿ. 15ನೇ ಶತಮಾನದ ಅರಬ್ ಇತಿಹಾಸಕಾರ ಅಲ್-ಮಕ್ರೀಜಿ, ಮೂಗು ಒಡೆದವನು ಒಬ್ಬ ಸೂಫಿ ಎಂದು ಬರೆದಿದ್ದಾನೆ.

ಉಳಿದ ಮೂರ್ತಿಗಳ ವಿಷಯಕ್ಕೆ ಬಂದರೆ, ಬಿದ್ದು ಮುರಿದದ್ದೂ ಉಂಟು, ಬೇಕೆಂದೇ ಮುರಿದದ್ದೂ ಉಂಟು. ಬೇರ್ಪಡಿಸುವುದು ಹೇಗೆ? ಬಿದ್ದ ಮೂರ್ತಿಯಲ್ಲಿ ಮೂಗಿನ ಜೊತೆ ಗದ್ದ, ಮೊಣಕೈ, ಕಿರೀಟದ ಅಂಚು ಹೀಗೆ ಚಾಚಿಕೊಂಡದ್ದೆಲ್ಲ ಪೆಟ್ಟು ತಿಂದಿರುತ್ತದೆ. ಬೇಕೆಂದು ಮಾಡಿದ್ದರಲ್ಲಿ ಮೂಗು ಮಾತ್ರ ಹೋಗಿ ತುಟಿ ನೆಟ್ಟಗಿರುತ್ತದೆ, ಉಳಿಯ ಗುರುತು ಅಕ್ಕಪಕ್ಕ ಬಿದ್ದಿರುತ್ತದೆ. ಇದಕ್ಕಿಂತ ಗಟ್ಟಿ ಸಾಕ್ಷಿ ಗೋಡೆಯ ಉಬ್ಬುಶಿಲ್ಪಗಳು. ಗೋಡೆಗೆ ಚಪ್ಪಟೆಯಾಗಿ ಅಂಟಿದ ಮುಖದ ಮೂಗು ಬಿದ್ದು ಮುರಿಯಲು ಸಾಧ್ಯವೇ ಇಲ್ಲ. ಅಲ್ಲೂ ಮೂಗೇ ಹೋಗಿದೆ. ಮೂಗು ಹೋದರೆ ಮೂರ್ತಿಗೆ ಉಸಿರಿಲ್ಲ. ಮೂರ್ತಿ ಮುಗಿದ ಮೇಲೆ ‘ಬಾಯಿ ತೆರೆಯುವ’ ವಿಧಿ ನಡೆಸಿ ಅದಕ್ಕೆ ಉಸಿರು, ಊಟದ ಶಕ್ತಿ ತುಂಬುತ್ತಿದ್ದರು. ನಮ್ಮ ಪ್ರಾಣಪ್ರತಿಷ್ಠೆ ಬಲ್ಲವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಶಿಲ್ಪಿಗೆ ಅವರ ಭಾಷೆಯಲ್ಲಿದ್ದ ಒಂದು ಹೆಸರಿನ ಅರ್ಥವೇ ‘ಬದುಕಿಸುವವನು’. ಕೊಟ್ಟ ಜೀವವನ್ನು ತೆಗೆಯಲು ಮೂಗು ಒಡೆಯುವುದು ಸುಲಭದ ದಾರಿ.

ಎಲ್ಲ ಒಡೆತವೂ ದ್ವೇಷದ್ದಲ್ಲ. ದೇರ್ ಎಲ್-ಬಹ್ರಿಯಲ್ಲಿ, ಫೇರೋ ಆಗಿ ಆಳಿದ ರಾಣಿ ಹತ್‌ಶೆಪ್ಸುತ್ ಮೂರ್ತಿಗಳ ಚೂರುಗಳು ರಾಶಿಯಾಗಿ ಗುಂಡಿಗಳಲ್ಲಿ 1920ರ ದಶಕದಲ್ಲಿ ಸಿಕ್ಕಾಗ, ಮಲಮಗ ಮೂರನೇ ಥುತ್‌ಮೋಸ್ ಹಗೆ ತೀರಿಸಿಕೊಂಡ ಎಂದೇ ಎಲ್ಲರೂ ಬರೆದರು. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಗಿನ ಅಗೆತದ ಟಿಪ್ಪಣಿಗಳನ್ನು ಮತ್ತೆ ಓದಿ, ಅನೇಕ ಮೂರ್ತಿಗಳು ಕತ್ತು, ಸೊಂಟ, ಮೊಣಕಾಲಿನಲ್ಲಿ ಕ್ರಮವಾಗಿ ಮುರಿದಿದ್ದು, ಮುಖಕ್ಕೆ ಏನೂ ಆಗದೆ ಉಳಿದಿವೆ ಎಂದು ತೋರಿಸಿದೆ. ಸೇವೆ ಮುಗಿದ ಮೂರ್ತಿಯ ಶಕ್ತಿಯನ್ನು ಇಳಿಸುವ ವಿಧಿ ಅದು. ಆ ರಾಣಿಯ ಹೆಸರನ್ನು ಗೋಡೆಗಳಿಂದ ಅಳಿಸಿದ್ದಂತೂ ನಿಜ. ಆದರೆ ಮೂರ್ತಿಗಳ ಕತೆ ಪೂರಾ ಹಗೆಯದಲ್ಲ.

ಹಗೆಯಿಂದಲೇ ಒಡೆದದ್ದು ಬೇಕಾದರೆ ಸುಡಾನಿನ ಕೆರ್ಮಾ ಬಳಿಯ ದುಕ್ಕಿ ಗೆಲ್‌ಗೆ ಹೋಗಬೇಕು. ಈಜಿಪ್ಟನ್ನೂ ಆಳಿದ್ದ ಕುಶ್ ರಾಜ್ಯದ ತಹರ್ಕ, ತನ್ವೆತಮಾನಿ ಮತ್ತು ಅವರ ನಂತರದ ಮೂವರು ಅರಸರ ಏಳು ಕರಿಗ್ರಾನೈಟ್ ಮೂರ್ತಿಗಳನ್ನು ಶಾರ್ಲ್ ಬೊನೆ ತಂಡ 2003ರಲ್ಲಿ ಒಂದು ಗುಂಡಿಯಲ್ಲಿ ಕಂಡಿತು. ಎಲ್ಲವೂ ಚೂರು. ಕ್ರಿ.ಪೂ. 593ರಲ್ಲಿ ಎರಡನೇ ಪ್ಸಾಮ್ತಿಕ್‌ನ ಸೇನೆ ದಂಡೆತ್ತಿ ಬಂದಾಗ ಒಡೆದದ್ದೆಂದು ಭಾವಿಸಲಾಗಿದೆ. ಸ್ಥಳೀಯರು ಆ ಚೂರುಗಳನ್ನು ಒಟ್ಟುಗೂಡಿಸಿ ಜೋಪಾನವಾಗಿ ಹೂತಿದ್ದರು. ಇಂದು ಮತ್ತೆ ಜೋಡಿಸಿದ ಆ ಅರಸರ ಹಣೆಯಲ್ಲಿ ನಾಗರಗಳು ಎರಡೆರಡು: ಈಜಿಪ್ಟಿನ ಫೇರೋಗೆ ಸಾಮಾನ್ಯವಾಗಿ ಒಂದು, ಕುಶ್ ಅರಸನಿಗೆ ಎರಡು.

ಪ್ರಶ್ನೆ: ಒಂದೇ ಪ್ರತಿಮೆಗೆ ಇಬ್ಬರು ಮೂವರು ಅರಸರ ಹೆಸರು ಹೇಳುತ್ತಾರಲ್ಲ, ಹೇಗೆ? (ವಕೀಲರು, ಧಾರವಾಡ)

ಹಳೆಯ ಮೂರ್ತಿಯ ಹೆಸರು ಅಳಿಸಿ ತನ್ನದು ಕೊರೆಸಿಕೊಂಡರೆ ಮೂರ್ತಿ ತನ್ನದಾಯಿತು. ಮೊದಲ ಉತ್ತರದಲ್ಲಿ ಹೇಳಿದಂತೆ ಹೆಸರೇ ಒಡೆತನದ ಪತ್ರ. ಮೆದೀನತ್ ಹಾಬುವಿನಲ್ಲಿ ಸಿಕ್ಕ ಜೋಡಿ ಕ್ವಾರ್ಟ್ಜೈಟ್ ಪ್ರತಿಮೆಗಳು ತೂತನ್‌ಖಾಮನ್‌ಗೆ ಮಾಡಿದವು. ಆಯ್ ತನ್ನ ಹೆಸರು ಹಾಕಿಸಿದ, ಅವನ ನಂತರ ಹೋರೆಮ್‌ಹೆಬ್ ಅದನ್ನೂ ಕೆರೆಸಿ ತನ್ನದು ಹಾಕಿಸಿದ. ಒಂದು ಈಗ ಶಿಕಾಗೋದಲ್ಲಿದೆ, ಇನ್ನೊಂದು ಈಜಿಪ್ಟಿನಲ್ಲೇ ಇದೆ. ಮುಖ ಮಾತ್ರ ಈಗಲೂ ಹುಡುಗ ತೂತನ್‌ಖಾಮನ್‌ನದೇ.

ಎರಡನೇ ರಾಮ್ಸೆಸ್ ಹೆಸರಿನ ಜೊತೆ ಮುಖವನ್ನೂ ತಿದ್ದಿಸುತ್ತಿದ್ದ. ಮೂರನೇ ಅಮೆನ್‌ಹೋತೆಪ್‌ನ ಮೂರ್ತಿಗಳಲ್ಲಿ ಕಣ್ಣು ಬಾದಾಮಿಯಂತೆ ಓರೆ, ತುಟಿ ದಪ್ಪ, ಹೊಟ್ಟೆ ತುಂಬಿಕೊಂಡದ್ದು. ರಾಮ್ಸೆಸ್‌ನ ಕೆಲಸಗಾರರು ತುಟಿ ತೆಳ್ಳಗೆ ಮಾಡಿದರು, ರೆಪ್ಪೆ ತಿದ್ದಿದರು, ಹೊಟ್ಟೆ ಕರಗಿಸಿದರು. ಪತ್ತೆ ಹಚ್ಚಲು ಮೊದಲು ಹೆಸರಿನ ಉದ್ದುರುಟು ಚೌಕಟ್ಟಿನ ಒಳಗಿನ ಮೇಲ್ಮೈ ನೋಡಿ: ಸುತ್ತಲಿಗಿಂತ ತಗ್ಗಿದ್ದು ಒರಟಾಗಿದ್ದರೆ ಅಲ್ಲಿ ಏನನ್ನೋ ಕೆರೆದಿದ್ದಾರೆ. ಆಮೇಲೆ ಮುಖ ಮೈಗೆ ಹೋಲಿಸಿದರೆ ಚಿಕ್ಕದಾಗಿದೆಯೇ ನೋಡಿ. ಕೆತ್ತಿದರೆ ಕಲ್ಲು ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ತಿದ್ದಿದ ಮುಖ ಯಾವಾಗಲೂ ಮೊದಲಿಗಿಂತ ಕಿರಿದು.

ಪ್ರಶ್ನೆ: ನಮ್ಮ ಗೊಮ್ಮಟನನ್ನು ಇದ್ದ ಬಂಡೆಯಲ್ಲೇ ಕೆತ್ತಿದರು. ಅಷ್ಟೇ ಎತ್ತರದ ಮೆಮ್ನಾನ್ ಮೂರ್ತಿಗಳನ್ನು ಸಾಗಿಸಿ ತಂದರೆನ್ನುತ್ತಾರೆ. ನಂಬಬಹುದೇ? (ಚನ್ನರಾಯಪಟ್ಟಣ)

ನಂಬಬಹುದು. ಲಕ್ಸರ್ ಬಳಿಯ, ಮೂರನೇ ಅಮೆನ್‌ಹೋತೆಪ್‌ನ ಆ ಎರಡು ಕೂತ ಮೂರ್ತಿಗಳು ಸುಮಾರು 18 ಮೀಟರ್ ಎತ್ತರ, ಒಂದೊಂದೂ ಅಂದಾಜು 700 ಟನ್. ಕಲ್ಲು ಕೈರೋ ಬಳಿಯ ಗೆಬೆಲ್ ಅಹ್ಮರ್‌ನದು ಎನ್ನುವ ಮತ ಬಲವಾಗಿದೆ. ಹಾಗಿದ್ದರೆ ನೈಲ್ ಹರಿವಿಗೆ ಎದುರಾಗಿ 600 ಕಿ.ಮೀ.ಗೂ ಹೆಚ್ಚು ದೂರ. ಇದರ ಚಿತ್ರ ಉಳಿದಿಲ್ಲ. ಆದರೆ ದೇರ್ ಎಲ್-ಬರ್ಷಾದಲ್ಲಿ ಪ್ರಾಂತ್ಯಾಧಿಕಾರಿ ಜೆಹೂತಿಹೋತೆಪ್‌ನ ಸಮಾಧಿಯ ಗೋಡೆಯಲ್ಲಿ 13 ಮೊಳದ ಮೂರ್ತಿಯೊಂದನ್ನು ಎಳೆಯುವ ಚಿತ್ರವಿತ್ತು. ಮರದ ಜಾರುಬಂಡಿ, ನಾಲ್ಕು ಸಾಲಲ್ಲಿ 172 ಜನ, ಬಂಡಿಯ ಮುಂದೆ ಕೊಡದಿಂದ ನೀರು ಸುರಿಯುವ ಒಬ್ಬ. ಆ ನೀರು ಬರೀ ಶಾಸ್ತ್ರಕ್ಕೆ ಎಂದು ಕೆಲವರು ಭಾವಿಸಿದ್ದರು. 2014ರಲ್ಲಿ ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ನೋಡಿದರು. ಒಣ ಮರಳು ಬಂಡಿಯ ಮುಂದೆ ದಿಬ್ಬವಾಗಿ ಗುಡ್ಡೆ ಬೀಳುತ್ತದೆ. ಹದವಾಗಿ ನೆನೆದರೆ ಗಟ್ಟಿಯಾಗಿ, ಎಳೆಯುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನೀರು ಅತಿಯಾದರೆ ಮತ್ತೆ ಕೆಸರು.

ಇದ್ದ ಬಂಡೆಯಲ್ಲೇ ಕೆತ್ತಿದ ಫೇರೋ ನೋಡಬೇಕೆಂದರೆ ಅಬು ಸಿಂಬೆಲ್. ಸುಮಾರು 20 ಮೀಟರ್‌ನ ನಾಲ್ವರು ರಾಮ್ಸೆಸ್‌ಗಳು. ಅವರನ್ನೂ 1964ರಿಂದ 1968ರ ನಡುವೆ ಕೊಯ್ದು 65 ಮೀಟರ್ ಮೇಲಕ್ಕೆ ಏರಿಸಬೇಕಾಯಿತು, ಅಸ್ವಾನ್ ಅಣೆಕಟ್ಟಿನ ನೀರಿನಿಂದಾಗಿ.

ಪ್ರಶ್ನೆ: ಮುಂದಿನ ಚಳಿಗಾಲದಲ್ಲಿ ಕೈರೋಗೆ ಹೋಗುತ್ತಿದ್ದೇವೆ. ಪ್ರತಿಮೆಗಳನ್ನು ನೋಡುವ ರೀತಿ ಹೇಳಿ. (ದಂಪತಿ, ಬೆಂಗಳೂರು)

ಗೀಜಾದ ಹೊಸ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನ ಹಜಾರದಲ್ಲೇ 11 ಮೀಟರ್, 83 ಟನ್ನಿನ ರಾಮ್ಸೆಸ್ ನಿಂತಿದ್ದಾನೆ. ಎಲ್ಲರೂ ಅಲ್ಲಿ ಫೋಟೊ ತೆಗೆದು ಮುಂದೆ ಹೋಗುತ್ತಾರೆ. ನೀವು ಹಿಂದಕ್ಕೆ ಹೋಗಿ, ಬೆನ್ನ ಕಂಬ ನೋಡಿ. ತಹ್ರೀರ್ ಚೌಕದ ಹಳೆಯ ಮ್ಯೂಸಿಯಂಗೆ ಬೇರೆ ಒಂದು ದಿನ ಇಡಿ; ಖಾಫ್ರೆಗಾಗಿಯೇ ಹೋಗಬಹುದು. ಮೊದಲು ಎದುರಿಗೆ ನಿಂತು, ಆಮೇಲೆ ನಿಧಾನವಾಗಿ ಎಡಕ್ಕೆ ಸರಿಯುತ್ತಾ ಗಿಡುಗ ಯಾವ ಹೆಜ್ಜೆಗೆ ಕಾಣಿಸಿಕೊಳ್ಳುತ್ತದೆ ಗಮನಿಸಿ. ಸಿಂಹಾಸನದ ಪಕ್ಕದಲ್ಲಿ ಪಪೈರಸ್ ಜೊಂಡನ್ನೂ ತೆಂಕಣ ನಾಡಿನ ಲಾಂಛನದ ಗಿಡವನ್ನೂ ಕೂಡಿಸಿ ಗಂಟು ಹಾಕಿದ ಚಿತ್ರವಿದೆ, ಎರಡು ನಾಡು ಒಂದಾದ ಗುರುತು. ಗಾಜಿನ ಪೆಟ್ಟಿಗೆಯಲ್ಲಿ ಬೆಳಕು ಪ್ರತಿಫಲಿಸಿದರೆ ಮೊಣಕಾಲೂರಿ ಕೆಳಗಿನಿಂದ ನೋಡಿ: ಓರೆ ಬೆಳಕಿನಲ್ಲಿ ಉಜ್ಜಿದ ಗೀರುಗಳು, ಕೊಳವೆ ಕೊರೆದ ಉಂಗುರದ ಗುರುತು, ಕಿವಿಯ ಮಡಿಕೆಯಲ್ಲಿ ಉಳಿದ ಕೆಂಪು ಕಾಣುತ್ತವೆ.